ಮೂನ್‌ಲೈಟ್ ಸೊನಾಟಾ: ಆಪ್ ತೋರಿಸುವ 158 ಯಾವ ಲೆಕ್ಕ?

ಪಿಟೀಲು_ಮೈಸೂರು · ಶನಿವಾರ ರಾತ್ರಿ 9:12

ಎಲ್ಲರಿಗೂ ನಮಸ್ಕಾರ. ನಾನು ಕರ್ನಾಟಕ ಸಂಗೀತದ ಪಿಟೀಲು ಕಲಿತವಳು. ಪಿಯಾನೋ ವಿಷಯದಲ್ಲಿ ಪೂರ್ತಿ ಹೊಸಬಳು. ಬೀಥೋವನ್‌ನ ಮೂನ್‌ಲೈಟ್ ಸೊನಾಟಾದ ಮೊದಲ ಭಾಗದ ಒಂದು ರೆಕಾರ್ಡಿಂಗನ್ನು ತುಂಬ ದಿನದಿಂದ ಕೇಳುತ್ತಿದ್ದೇನೆ. 5 ನಿಮಿಷ 15 ಸೆಕೆಂಡ್ ಇದೆ. ಅದು ಓಡುತ್ತಿರುವಾಗ ಮೇಲಿನ ರಾಗವನ್ನಷ್ಟೇ ಪಿಟೀಲಿನಲ್ಲಿ ಹಿಡಿಯೋಣ ಅಂತ ಒಂದು ಆಸೆ.

ಯಾವ ಹಾಡು ಹಾಕಿದರೂ ಶ್ರುತಿ, ವೇಗ, ಮೂಡ್ ಹೇಳುವ ಒಂದು ಆಪ್ ಮಗ ಹಾಕಿಕೊಟ್ಟಿದ್ದಾನೆ. ಅದು ಹೇಳಿದ್ದು: ಕೀ ಇ ಮೇಜರ್, ಟೆಂಪೋ 158, ಮೂಡ್ ‘ಶಾಂತ, ದುಃಖ’.

ಸರಿ ಅಂತ ಎಲೆಕ್ಟ್ರಾನಿಕ್ ತಂಬೂರಿಯನ್ನು ಇ ಶ್ರುತಿಗೆ ಇಟ್ಟೆ. ಒಂದೊಂದು ಕಡೆ ಕೂಡಿಕೊಂಡ ಹಾಗಿದೆ, ಮಿಕ್ಕ ಕಡೆ ಹಲ್ಲಿಗೆ ಮರಳು ಸಿಕ್ಕ ಹಾಗಿದೆ. ಟಿಕ್ ಟಿಕ್ ಅಂತ ತಾಳ ಹಾಕುವ ಮೆಟ್ರೊನೋಮನ್ನು 158ಕ್ಕೆ, ಅಂದರೆ ನಿಮಿಷಕ್ಕೆ 158 ಏಟಿಗೆ, ಇಟ್ಟೆ. ಅದು ಹೊಲಿಗೆ ಮಷೀನಿನ ಹಾಗೆ ಓಡಿತು. ನಮ್ಮ ಯಜಮಾನರು ಅಡುಗೆಮನೆಯಿಂದಲೇ ‘ಬಸ್ಸು ತಪ್ಪಿಹೋಗುತ್ತಾ?’ ಅಂತ ಕೇಳಿದರು.

ಇಷ್ಟು ನಿಧಾನದ ಸಂಗೀತಕ್ಕೆ 158 ಹೇಗಾಗುತ್ತೆ? ಆಪ್ ತಪ್ಪೋ, ನಾನು ತಪ್ಪೋ?

---

ಜಯನಗರ_ಬ್ಲಾಕ್4 · ರಾತ್ರಿ 9:20

ಆಪ್ ಡಿಲೀಟ್ ಮಾಡಿ ಮೇಡಂ. ಸಮಸ್ಯೆ ಮುಗಿಯಿತು.

---

ಗಜ್ಜುಗ · ರಾತ್ರಿ 9:41

ಡಿಲೀಟ್ ಮಾಡುವ ಮೊದಲು ಒಂದು ಲೆಕ್ಕ ಮಾಡೋಣ. ನಾನು ಕೆಲಸದಲ್ಲಿ ಇಂಥದ್ದೇ ಸಾಫ್ಟ್‌ವೇರ್ ಜೊತೆ ಗುದ್ದಾಡುತ್ತೇನೆ, ಹಾಗಾಗಿ ಅದರ ಮೇಲೆ ಸ್ವಲ್ಪ ಕನಿಕರ ಇದೆ.

ಈ ಭಾಗದಲ್ಲಿ ಇರುವುದು 69 ಬಾರ್. ಬಾರ್ ಅಂದರೆ ನಿಮ್ಮ ಆವರ್ತ ಅಂದುಕೊಳ್ಳಿ. ಒಂದೊಂದರಲ್ಲಿ ನಾಲ್ಕು ‘ಕಾಲು ಸ್ವರ’, ಅಂದರೆ ಬಾರಿನ ನಾಲ್ಕನೇ ಒಂದು ಪಾಲು ಹೊತ್ತಿನವು. 69ನ್ನು 4ರಿಂದ ಗುಣಿಸಿದರೆ 276. ನಿಮ್ಮ ರೆಕಾರ್ಡಿಂಗ್ ಐದೂಕಾಲು ನಿಮಿಷ. 276ನ್ನು 5.25ರಿಂದ ಭಾಗಿಸಿ. ನಿಮಿಷಕ್ಕೆ ಸುಮಾರು 52.6 ಬಂತು. ನಿಮ್ಮ ಕಾಲು ತಾನಾಗಿ ತಟ್ಟುವ ವೇಗ ಇದೇ ಇರಬೇಕು. ಅಲ್ವಾ?

ಈಗ 52.6ನ್ನು ಮೂರರಿಂದ ಗುಣಿಸಿ.

---

ಪಿಟೀಲು_ಮೈಸೂರು · ರಾತ್ರಿ 9:48

157.8! ಅಯ್ಯೋ. ತಿಸ್ರ ನಡೆ, ಏಟಿಗೆ ಮೂರು!

---

ಗಜ್ಜುಗ · ರಾತ್ರಿ 9:55

ಅದೇ. ಬಲಗೈಯಲ್ಲಿ ಹೆಚ್ಚುಕಡಿಮೆ ಮೊದಲಿಂದ ಕೊನೆಯವರೆಗೂ ‘ತಕಿಟ ತಕಿಟ ತಕಿಟ ತಕಿಟ’ ನಡೆಯುತ್ತಿದೆ. ನೀವು ‘ತ’ ಬಿದ್ದಾಗ ತಟ್ಟುತ್ತೀರಿ. ಆಪ್ ‘ತ’, ‘ಕಿ’, ‘ಟ’ ಮೂರಕ್ಕೂ ತಟ್ಟುತ್ತಿದೆ. ಅದಕ್ಕೆ ತಾಳ ಗೊತ್ತಿಲ್ಲ. ದನಿ ಶುರುವಾಗುವ ಗಳಿಗೆಗಳನ್ನು ಹುಡುಕಿ, ಯಾವ ಅಂತರದಲ್ಲಿ ಮರುಕಳಿಸುತ್ತಿವೆ ಅಂತ ನೋಡುತ್ತದೆ, ಅಷ್ಟೇ. ಡ್ರಮ್ ಇರುವ ಹಾಡಿನಲ್ಲಿ ಬೀಟ್ ಯಾವುದು ಅಂತ ಡ್ರಮ್ಮೇ ಹೇಳುತ್ತದೆ. ಇಲ್ಲಿ ಮೂರು ಸ್ವರಕ್ಕೂ ಹೆಚ್ಚುಕಡಿಮೆ ಒಂದೇ ತೂಕ. ಪಾಪ, ಅದು ಏನು ಮಾಡಬೇಕು?

ಇನ್ನೊಂದು ಸೈಟಿನಲ್ಲಿ ಹಾಕಿ ನೋಡಿ. 79 ಬರಬಹುದು, ಇಲ್ಲವೇ 105. 158ರ ಅರ್ಧ 79. 52.6ರ ಎರಡರಷ್ಟು 105. ಇಂಥ ಸಾಫ್ಟ್‌ವೇರುಗಳಿಗೆ 120ರ ಸುತ್ತಮುತ್ತಲಿನ ಅಂಕಿ ಕಂಡರೆ ಒಲವು ಜಾಸ್ತಿ. ಹಾಗೇ ಕಲಿಸಿರುತ್ತಾರೆ, ಏಕೆಂದರೆ ಜನ ಕೇಳುವ ಹಾಡುಗಳು ಬಹುಪಾಲು ಆ ಕಡೆಯವೇ.

---

ಎಡಗೈ · ರಾತ್ರಿ 10:30

ಪಿಯಾನೋ ಪಾಠ ಹೇಳುವವಳು ನಾನು. ಲೆಕ್ಕ ಚೆನ್ನಾಗಿದೆ. ಆದರೆ ಗಜ್ಜುಗ ಅವರೇ, ನಿಮ್ಮ 52 ಕೂಡ ‘ಸರಿ’ ಉತ್ತರ ಅಂತ ಒಪ್ಪುವುದಿಲ್ಲ.

ಈ ಭಾಗದ ಮೇಲೆ ‘ಅಡಾಜಿಯೊ ಸೊಸ್ಟೆನೂಟೊ’ ಅಂತ ಇದೆ. ಅಂದರೆ ನಿಧಾನ, ದನಿ ಹಿಡಿದು. ಆದರೆ ತಾಳದ ಜಾಗದಲ್ಲಿ ಇರುವುದು ‘ಆಲ್ಲಾ ಬ್ರೇವೆ’ ಗುರುತು, ಸಿ ಅಕ್ಷರದ ಮೇಲೆ ಒಂದು ಗೀಟು. ಬಾರಿಗೆ ನಾಲ್ಕಲ್ಲ, ಎರಡೇ ಏಟು ಎಣಿಸಿ ಅಂತ ಅದರ ಅರ್ಥ. ಒಂದು ಏಟಿಗೆ ಎರಡು ತಕಿಟ. ಹಾಗೆ ಎಣಿಸಿದರೆ ಈ ರೆಕಾರ್ಡಿಂಗಿನ ವೇಗ ನಿಮಿಷಕ್ಕೆ 26! ಆಪ್ 158 ಅನ್ನುತ್ತದೆ, ನೀವು 52 ಅನ್ನುತ್ತೀರಿ, ಕಾಗದ 26 ಅನ್ನುತ್ತದೆ. ಮೂವರೂ ಒಂದೇ ದನಿಯನ್ನು ಕೇಳುತ್ತಿದ್ದೀರಿ.

ಎಷ್ಟೋ ಪುಸ್ತಕಗಳಲ್ಲಿ ಆ ಗೀಟು ಬಿಟ್ಟುಹೋಗಿ ಬರೀ ಸಿ ಅಚ್ಚಾಗಿದೆ. ಅದನ್ನು ನೋಡಿ ಕಲಿತವರು ನಾಲ್ಕು ಎಣಿಸುತ್ತಾರೆ, ನಾಲ್ಕು ಎಣಿಸಿದಾಗ ತಾನಾಗಿ ಇನ್ನೂ ನಿಧಾನವಾಗುತ್ತದೆ. ಏಳು ನಿಮಿಷ ದಾಟಿದ ರೆಕಾರ್ಡಿಂಗುಗಳೂ ಇವೆ. ಅದರಲ್ಲಿ ಕಾಲು ಸ್ವರ ನಿಮಿಷಕ್ಕೆ 40 ಕೂಡ ಬರುವುದಿಲ್ಲ.

ಬೀಥೋವನ್‌ನ ಶಿಷ್ಯ ಕಾರ್ಲ್ ಚೆರ್ನಿ 1840ರ ದಶಕದಲ್ಲಿ ಗುರುವಿನ ಪಿಯಾನೋ ಕೃತಿಗಳನ್ನು ಹೇಗೆ ನುಡಿಸಬೇಕು ಅಂತ ಬರೆದಿಟ್ಟ. ಇದಕ್ಕೆ ಅವನು ಕೊಟ್ಟಿರುವುದು ಕಾಲು ಸ್ವರಕ್ಕೆ 54. ಆಲ್ಲಾ ಬ್ರೇವೆ ಇರುವುದರಿಂದ ಹದವಾದ ಆಂದಾಂತೆ ನಡೆಯಲ್ಲಿ ಹೋಗಬೇಕು ಅಂತಲೂ ಬರೆದಿದ್ದಾನೆ. ಆಂದಾಂತೆ ಅಂದರೆ ನಡೆದು ಹೋಗುವ ವೇಗ, ಕೂತುಬಿಡುವುದಲ್ಲ.

---

ಹಳೇ_ಕ್ಯಾಸೆಟ್ · ರಾತ್ರಿ 10:52

ಶಿಷ್ಯನ ಮಾತು ಯಾಕೆ ಮೇಡಂ, ಬೀಥೋವನ್ ತಾನೇ ಅಂಕಿ ಬರೆದಿಲ್ಲವೇ?

---

ಎಡಗೈ · ರಾತ್ರಿ 11:03

ಬರೆಯಲು ಯಂತ್ರವೇ ಇರಲಿಲ್ಲ ಸರ್. ಕೃತಿ 1801ರದ್ದು. ಮೆಲ್ಟ್ಸೆಲ್ ಎಂಬಾತ ಮೆಟ್ರೊನೋಮಿಗೆ ಪೇಟೆಂಟ್ ತೆಗೆದುಕೊಂಡದ್ದು 1815ರಲ್ಲಿ. ಆಮೇಲೆ ಬೀಥೋವನ್ ಸಿಂಫನಿಗಳಿಗೆಲ್ಲ ಅಂಕಿ ಹಾಕಿದ. 32 ಪಿಯಾನೋ ಸೊನಾಟಾಗಳಲ್ಲಿ ಮಾತ್ರ ಹಾಕಿದ್ದು ಒಂದೇ ಒಂದಕ್ಕೆ, ಓಪಸ್ 106ಕ್ಕೆ, ಅಂದರೆ ಕೃತಿ ಸಂಖ್ಯೆ 106ಕ್ಕೆ.

---

ಬಾನ್_ಕನ್ನಡಿಗ · ಭಾನುವಾರ ನಸುಕು 2:15

ಇಲ್ಲಿ ಇನ್ನೂ ರಾತ್ರಿ, ಹಾಗಾಗಿ ನಾನೂ ಸೇರಿಕೊಳ್ಳುತ್ತೇನೆ. ಬೀಥೋವನ್ ಹುಟ್ಟಿದ ಊರಾದ ಜರ್ಮನಿಯ ಬಾನ್ ನಗರದಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಅವನು ಹುಟ್ಟಿದ ಮನೆ ಈಗ ಮ್ಯೂಸಿಯಂ. ಈ ಸೊನಾಟಾದ ಕೈಬರಹದ ಪ್ರತಿ ಅವರ ಸಂಗ್ರಹದಲ್ಲೇ ಇದೆ. ವೆಬ್‌ಸೈಟಿನಲ್ಲಿ ಪುಟಪುಟವಾಗಿ ನೋಡಬಹುದು.

ತಮಾಷೆ ಏನು ಗೊತ್ತಾ? ಅದರ ಮೊದಲ ಹಾಳೆಯೇ ಇಲ್ಲ. ಕಳೆದುಹೋಗಿದೆ. ಹದಿನಾಲ್ಕನೇ ಬಾರಿನಿಂದ ಶುರುವಾಗುತ್ತದೆ. ಅಂದರೆ ನೀವು ಇಷ್ಟು ಹೊತ್ತು ಜಗಳ ಆಡುತ್ತಿರುವ ಅಡಾಜಿಯೊ, ಆ ಗೀಟು, ಯಾವುದೂ ಅವನ ಕೈಯಲ್ಲಿ ನೋಡಲು ಸಿಗುವುದಿಲ್ಲ. ಅವೆಲ್ಲ ನಮಗೆ ಗೊತ್ತಿರುವುದು 1802ರಲ್ಲಿ ವಿಯೆನ್ನಾದಲ್ಲಿ ಕಾಪ್ಪಿ ಎಂಬ ಪ್ರಕಾಶಕ ಅಚ್ಚು ಹಾಕಿಸಿದ ಮೊದಲ ಮುದ್ರಣದಿಂದ.

ಸಿಕ್ಕಿರುವ ಹಾಳೆಗಳು ನಮ್ಮ ಡಾಕ್ಟರುಗಳ ಚೀಟಿಯ ಹಾಗಿವೆ. ಹೊಡೆದುಹಾಕಿದ ಸಾಲು, ಶಾಯಿಯ ಕಲೆ. ಈ ‘ಶಾಂತ’ ಸಂಗೀತದ ಕಾಗದ ನೋಡಿದರೆ ಶಾಂತಿಯ ಸುಳಿವೇ ಇಲ್ಲ.

---

ಪಿಟೀಲು_ಮೈಸೂರು · ಭಾನುವಾರ ಬೆಳಿಗ್ಗೆ 7:05

ಕಾಫಿ ಹಿಡಿದು ಎಲ್ಲ ಓದಿದೆ. ವೇಗ ತಲೆಗೆ ಹೋಯಿತು, ತುಂಬ ಥ್ಯಾಂಕ್ಸ್. ಶ್ರುತಿಯ ಕಥೆ ಏನು? ಇ ಮೇಜರ್ ಯಾಕೆ ಕೂಡಲಿಲ್ಲ?

---

ಕಪ್ಪು_ಎರಡು · ಬೆಳಿಗ್ಗೆ 7:40

ನಮಸ್ಕಾರ ಅಕ್ಕ. ನಾನು ಉಡುಪಿ ಕಡೆಯವನು, ಯಕ್ಷಗಾನದ ಹಾರ್ಮೋನಿಯಂ ನುಡಿಸುತ್ತೇನೆ. ನಮ್ಮ ಭಾಷೆಯಲ್ಲಿ ಹೇಳಿದರೆ ಇದು ಬಿಳಿ ಮೂರು, ಅಂದರೆ ಮೂರನೇ ಬಿಳಿ ಮನೆಯ ಇ, ಅಲ್ಲ ಮಾರಾಯ್ರೆ, ಕಪ್ಪು ಒಂದು. ಅಂದರೆ ಸಿ ಶಾರ್ಪ್, ಸಿ ಸ್ವರಕ್ಕಿಂತ ಅರ್ಧ ಮನೆ ಮೇಲೆ. ತಂಬೂರಿಯನ್ನು ಸಿ ಶಾರ್ಪಿಗೆ ಇಟ್ಟು ಕೇಳಿ. ಮೇಲಿನ ರಾಗ ಶುರುವಾಗುವುದು ಸುಮಾರು 20 ಸೆಕೆಂಡ್ ಆದ ಮೇಲೆ. ಬರೀ ಪಂಚಮ. ಪ… ಪ ಪಾ… ಅಂತ ಒಂದೇ ಮನೆಯಲ್ಲಿ ಕೂತಿರುತ್ತದೆ. ಆಮೇಲೆ ‘ದಾ ಪಾ ಮ ನಿ ಗಾ’.

ಇ ಇಟ್ಟರೆ ಅದರ ಪಂಚಮ ಬಿ. ಈ ಕೃತಿಯಲ್ಲಿ ಬಿ ಶಾರ್ಪ್ ಪದೇಪದೇ ಬರುತ್ತದೆ, ಅದು ಸಿ ಶಾರ್ಪಿನ ಕಾಕಲಿ ನಿಷಾದ, ಸಾಗಿಂತ ಅರ್ಧ ಮನೆ ಕೆಳಗಿನ ನಿ. ಬಿ ಮತ್ತು ಬಿ ಶಾರ್ಪ್ ಅಕ್ಕಪಕ್ಕದ ಮನೆ. ತಂಬೂರಿ ಒಂದು ಹಿಡಿದು, ಪಿಯಾನೋ ಇನ್ನೊಂದು ಹಿಡಿದರೆ ಹಲ್ಲಿಗೆ ಮರಳು ಸಿಕ್ಕದೆ ಇರುತ್ತದಾ?

---

ಗಜ್ಜುಗ · ಬೆಳಿಗ್ಗೆ 9:10

ಕಪ್ಪು ಎರಡು ಅವರು ಹೇಳಿದ್ದು ಪಕ್ಕಾ. ಆಪ್ ಯಾಕೆ ಎಡವಿತು ಅನ್ನುವುದನ್ನು ಸೇರಿಸುತ್ತೇನೆ.

ಸಿ ಶಾರ್ಪ್ ಮೈನರ್, ಇ ಮೇಜರ್ ಎರಡಕ್ಕೂ ಅದೇ ಏಳು ಸ್ವರ, ಅದೇ ನಾಲ್ಕು ಶಾರ್ಪ್. ಆಪ್ ಹನ್ನೆರಡು ಸ್ವರಗಳಲ್ಲಿ ಯಾವುದು ಎಷ್ಟು ಹೊತ್ತು ಕೇಳಿಸಿತು ಅಂತ ಒಂದು ಪಟ್ಟಿ ಮಾಡುತ್ತದೆ. ಆ ಪಟ್ಟಿಯನ್ನು 24 ಕೀಗಳ ಅಚ್ಚಿಗೆ ಹೋಲಿಸಿ, ಯಾವುದಕ್ಕೆ ಹತ್ತಿರವೋ ಅದನ್ನು ಹೇಳುತ್ತದೆ. ಸಾ ಯಾವುದು ಅಂತ ಕೇಳುವ ಕಿವಿ ಅದಕ್ಕೆ ಇಲ್ಲ. ನಿಮ್ಮ ಭಾಷೆಯಲ್ಲಿ, ಒಂದು ಮೇಳದ ಸ್ವರಗಳನ್ನೇ ಬೇರೆ ಸ್ವರದಿಂದ ಶುರುಮಾಡಿದರೆ ಬೇರೆ ಮೇಳ ಆಗುತ್ತಲ್ಲ, ಗ್ರಹಭೇದ. ಅದನ್ನು ಗುರುತಿಸಲು ಬರದವನ ಗತಿ ಆಪಿಗೆ ಆಗಿದೆ.

ಜೊತೆಗೆ ಈ ಸಂಗೀತ ಒಂಬತ್ತನೇ ಬಾರಿಗೆ ನಿಜವಾಗಿಯೂ ಇ ಮೇಜರಿಗೆ ಹೋಗಿ ಕೂರುತ್ತದೆ. ಆಪ್ ಪೂರ್ತಿ ಸುಳ್ಳೇನೂ ಹೇಳಿಲ್ಲ.

---

ಎಡಗೈ · ಬೆಳಿಗ್ಗೆ 9:34

ಕೂರುವುದು ಎಲ್ಲಿ ಬಂತು, ಬಾಗಿಲಲ್ಲಿ ಇಣುಕಿ ಹೋಗುತ್ತದೆ. ಒಂಬತ್ತನೇ ಬಾರಿನಲ್ಲಿ ಇ ಮೇಜರ್. ಹತ್ತನೆಯದರಲ್ಲಿ ಆಗಲೇ ಇ ಮೈನರ್. ಒಂದೇ ಸ್ವರ ಅರ್ಧ ಮನೆ ಇಳಿದಿದೆ, ಬೆಳಕು ಆರಿದ ಹಾಗಾಗುತ್ತದೆ. ಅಲ್ಲಿಂದ ಬಿ ಮೈನರ್, ಆಮೇಲೆ ಎಫ್ ಶಾರ್ಪ್ ಮೈನರ್.

ಪಿಟೀಲು ಮೇಡಂ, ಹಾಗಾಗಿ ಒಂದು ಎಚ್ಚರಿಕೆ. ತಂಬೂರಿಯನ್ನು ಸಿ ಶಾರ್ಪಿಗೆ ಇಟ್ಟರೂ 40 ಸೆಕೆಂಡ್ ಆಗುತ್ತಿದ್ದಂತೆ ಅದು ಮತ್ತೆ ಜಗಳ ಶುರು ಮಾಡುತ್ತದೆ. ಇಲ್ಲಿ ಸಾ ಊರೂರು ಸುತ್ತುತ್ತದೆ. ನಿಮ್ಮ ರೆಕಾರ್ಡಿಂಗಿನಲ್ಲಿ 2 ನಿಮಿಷ ದಾಟಿದ ಮೇಲೆ ಒಂದು ಜಾಗ ಬರುತ್ತದೆ. ಎಡಗೈ ಪಂಚಮವನ್ನು, ಅಂದರೆ ಜಿ ಶಾರ್ಪನ್ನು, ಮುಕ್ಕಾಲು ನಿಮಿಷಕ್ಕೂ ಜಾಸ್ತಿ ಬಿಡದೆ ಹಿಡಿಯುತ್ತದೆ. ಮೇಲೆ ತಕಿಟಗಳು ಹತ್ತಿ ಇಳಿಯುತ್ತವೆ. ಅಲ್ಲಿ ಪಿಯಾನೋ ತನ್ನ ತಂಬೂರಿಯನ್ನು ತಾನೇ ಹಾಕಿಕೊಂಡಿದೆ. ನಿಮ್ಮದನ್ನು ಆಫ್ ಮಾಡಿ.

---

ಹಳೇ_ಕ್ಯಾಸೆಟ್ · ಬೆಳಿಗ್ಗೆ 11:20

ನನ್ನದೊಂದು ಹಳೆಯ ಗಾಯ ಹೇಳಿಕೊಳ್ಳುತ್ತೇನೆ. 1980ರ ದಶಕದಲ್ಲಿ ಊರಿನ ಅಂಗಡಿಯೊಂದರಲ್ಲಿ ಇದರ ಕ್ಯಾಸೆಟ್ ಕೊಂಡೆ. ಕಾಪಿ ಮಾಡಿದ ಕ್ಯಾಸೆಟ್ ಅಂತ ಆಮೇಲೆ ಗೊತ್ತಾಯಿತು. ಹದಿನೈದು ವರ್ಷ ಅದನ್ನೇ ಕೇಳಿದೆ. ನನ್ನ ಕಿವಿಯಲ್ಲಿ ಈ ಸೊನಾಟಾ ಡಿ ಮೈನರ್. ಮಗಳು ಕೀಬೋರ್ಡ್ ಕಲಿಯಲು ಹೋಗಿ ಬಂದು ‘ಅಪ್ಪಾ, ಇದು ಅರ್ಧ ಮನೆ ಮೇಲಿದೆ’ ಅಂದಾಗ ಅವಳ ಮೇಲೇ ರೇಗಿದ್ದೆ.

ಟೇಪ್ ಶೇಕಡಾ 6ರಷ್ಟು ಜೋರಾಗಿ ಓಡಿದರೆ ಅರ್ಧ ಮನೆ ಏರುತ್ತದಂತೆ. ವೇಗವೂ ಅಷ್ಟೇ ಏರುತ್ತದೆ. ಹಾಗಾಗಿ ನನಗೆ ಸಿಡಿಯಲ್ಲಿ ಕೇಳಿದರೆ ಎಲ್ಲರೂ ಜ್ವರ ಬಂದು ಮಲಗಿದವರ ಹಾಗೆ ನುಡಿಸುತ್ತಿದ್ದಾರೆ ಅನಿಸುತ್ತದೆ. ಈಗಲೂ.

---

ಬಾನ್_ಕನ್ನಡಿಗ · ಮಧ್ಯಾಹ್ನ 1:30

ಸರ್, ನಿಮ್ಮ ಕಿವಿಗೆ ಹೊಂದುವ ರೆಕಾರ್ಡಿಂಗ್ ಇದೆ. ಪಿಯಾನೋ ವಾದಕ ಆಂದ್ರಾಶ್ ಷಿಫ್ ಅವರದ್ದು ಕೇಳಿ. ಆಲ್ಲಾ ಬ್ರೇವೆಯನ್ನು ಗಂಭೀರವಾಗಿ ತೆಗೆದುಕೊಂಡು ಬೇಗ ನಡೆಸುತ್ತಾರೆ. ಮೊದಲ ಸಲ ಕೇಳಿದಾಗ ಟ್ರೈನ್ ಹಿಡಿಯಬೇಕಿತ್ತೇನೋ ಅನಿಸಿತ್ತು. ಮೂರನೇ ಸಲಕ್ಕೆ ಬೇರೆಯವರದ್ದು ಕೇಳಲಾಗಲಿಲ್ಲ.

ಶ್ರುತಿ ಬೇರೆಯಾಗಲು ಕೆಟ್ಟ ಟೇಪೇ ಬೇಕಾಗಿಲ್ಲ. ಇಲ್ಲಿ ಹಳೆ ಕಾಲದ ಪಿಯಾನೋಗಳಲ್ಲಿ ನುಡಿಸುವವರು ಎ ಸ್ವರವನ್ನು 440ಕ್ಕೆ ಬದಲು 430 ಹರ್ಟ್ಸ್‌ಗೆ ಇಡುವುದು ಸಾಮಾನ್ಯ. ಅರ್ಧ ಮನೆಯಲ್ಲಿ ಹತ್ತಕ್ಕೆ ನಾಲ್ಕು ಭಾಗ ಇಳಿದ ಹಾಗೆ. ಆಪಿಗೆ ಕೊಟ್ಟರೆ ಒಮ್ಮೆ ಸಿ ಶಾರ್ಪ್ ಮೈನರ್, ಒಮ್ಮೆ ಸಿ ಮೈನರ್ ಅನ್ನಬಹುದು. ನಡು ಗೋಡೆಯ ಮೇಲೆ ಕೂತ ಬೆಕ್ಕು.

---

ಎಡಗೈ · ಮಧ್ಯಾಹ್ನ 1:58

ಹಳೆ ಪಿಯಾನೋ ಮಾತು ಬಂದದ್ದು ಒಳ್ಳೆಯದಾಯಿತು. ವೇಗದ ಅರ್ಧ ಗುಟ್ಟು ಅಲ್ಲೇ ಇದೆ.

ಮೊದಲ ಬಾರಿನ ಮೇಲೆ ಇಟಾಲಿಯನ್ನಿನಲ್ಲಿ ಒಂದು ಸಾಲು ಇದೆ. ಇಡೀ ಕೃತಿಯನ್ನು ಬಹಳ ನಯವಾಗಿ, ‘ಸೆನ್ಸಾ ಸೊರ್ದೀನೊ’ ನುಡಿಸಬೇಕು ಅಂತ. ಸೊರ್ದೀನೊ ಅಂದರೆ ತಂತಿಯ ದನಿ ನಿಲ್ಲಿಸುವ ಡ್ಯಾಂಪರ್. ಅದು ಇಲ್ಲದೆ ಅಂದರೆ ಪೆಡಲ್ ಒತ್ತಿಯೇ ಇಡಿ, ಹಳೆ ದನಿ ಹೊಸದರ ಜೊತೆ ಬೆರೆಯಲಿ. 1801ರ ವಿಯೆನ್ನಾ ಪಿಯಾನೋದಲ್ಲಿ ಕಾಲಿನ ಪೆಡಲ್ ಅಲ್ಲ, ಮೊಣಕಾಲಿನಿಂದ ಎತ್ತುವ ಸನ್ನೆ ಇರುತ್ತಿತ್ತು. ದನಿ ಬೇಗ ಆರುತ್ತಿತ್ತು. ಎತ್ತಿ ಹಿಡಿದರೆ ಹೊಗೆಯ ಹಾಗೆ ಸ್ವಲ್ಪ ಮಬ್ಬು, ಅಷ್ಟೇ. ಈಗಿನ ದೊಡ್ಡ ಗ್ರ್ಯಾಂಡ್ ಪಿಯಾನೋದಲ್ಲಿ ಹಾಗೆ ಮಾಡಿದರೆ ಬಿಸಿಬೇಳೆಬಾತ್ ಆಗಿಬಿಡುತ್ತದೆ. ಅದಕ್ಕೇ ಎಲ್ಲರೂ ಸ್ವರಗುಚ್ಛ ಬದಲಾದಾಗ ಪೆಡಲ್ ಬದಲಿಸುತ್ತಾರೆ. ಷಿಫ್ ಅದನ್ನು ಪೂರ್ತಿ ತುಳಿಯದೆ, ಮೇಲುಮೇಲೆ ಒತ್ತಿ ಹಿಡಿದೇ ಇಡುತ್ತಾರೆ.

ಬೇಗ ಆರುವ ದನಿಗೆ ಕೊಟ್ಟ ವೇಗ ಒಂದು. ಹತ್ತು ಸೆಕೆಂಡ್ ಗುಂಯ್‌ಗುಡುವ ದನಿಗೆ ತಾನಾಗಿ ಬರುವ ವೇಗ ಇನ್ನೊಂದು. ನಿಧಾನ ನುಡಿಸುವವರೆಲ್ಲ ಸೋಮಾರಿಗಳಲ್ಲ, ಅವರ ಪಿಯಾನೋ ಹಾಗೆ ಎಳೆಯುತ್ತದೆ. ನನಗೂ 60 ಇಷ್ಟ. ಆದರೆ ಕ್ಲಾಸಿನ ಪಿಯಾನೋ ಮುಂದೆ ಕೂತರೆ 54ಕ್ಕೆ ಬಂದು ನಿಲ್ಲುತ್ತೇನೆ.

---

ಜಯನಗರ_ಬ್ಲಾಕ್4 · ಸಂಜೆ 4:44

ವೇಗ ಆಯಿತು, ಶ್ರುತಿ ಆಯಿತು. ಮೂಡ್ ಬಗ್ಗೆ ಯಾರೂ ಮಾತೆತ್ತಲಿಲ್ಲ. ‘ಶಾಂತ, ದುಃಖ’ ಸರಿಯಾಗೇ ಇದೆಯಲ್ಲ. ಬೆಳದಿಂಗಳು, ಸರೋವರ, ಕೈಕೊಟ್ಟ ಹುಡುಗಿ. ಇಷ್ಟಕ್ಕೆ ಆಪ್ ಬೇಕಿತ್ತಾ?

---

ಬಾನ್_ಕನ್ನಡಿಗ · ಸಂಜೆ 5:20

ಬೆಳದಿಂಗಳು ಬೀಥೋವನ್‌ನದ್ದಲ್ಲ ಸ್ವಾಮಿ. ಅವನು ಇಟ್ಟ ಹೆಸರು ಸುಮ್ನೆ ‘ಫ್ಯಾಂಟಸಿಯಂಥ ಸೊನಾಟಾ’. ಬೆಳದಿಂಗಳು, ಲೂಸರ್ನ್ ಸರೋವರ ಎಲ್ಲ ಬರ್ಲಿನ್ನಿನ ವಿಮರ್ಶಕ ಲುಡ್ವಿಗ್ ರೆಲ್‌ಸ್ಟಾಬ್ ತಂದಿಟ್ಟದ್ದು. ಹುಡುಗಿಯ ಮಾತು ಅರ್ಧ ನಿಜ. ಅರ್ಪಣೆ ಜೂಲಿಯೆಟ್ಟಾ ಗ್ವಿಚಾರ್ಡಿ ಎಂಬ ಶಿಷ್ಯೆಗೆ.

ಚೆರ್ನಿಗೆ ಕಂಡದ್ದು ಬೇರೆ. ರಾತ್ರಿ, ದೂರದಿಂದ ಕೇಳುವ ಅಳಲುವ ಪ್ರೇತದ ದನಿ. ಇನ್ನೂ ಒಂದಿದೆ. ಬೀಥೋವನ್‌ನ ಕರಡು ಹಾಳೆಯೊಂದರಲ್ಲಿ ಮೊಜಾರ್ಟನ ‘ಡಾನ್ ಜೊವಾನ್ನಿ’ ಒಪೆರಾದ ಕೆಲವು ಸಾಲು ನಕಲು ಮಾಡಿಕೊಂಡದ್ದು ಸಿಕ್ಕಿದೆ. ಮುದುಕ ಕಮೆಂಡಟೋರೆ ಕತ್ತಿ ತಿವಿತಕ್ಕೆ ಸಿಕ್ಕಿ ಸಾಯುವ ಜಾಗ. ಅಲ್ಲೂ ಇದೇ ತಕಿಟ. ಅದನ್ನು ಸಿ ಶಾರ್ಪ್ ಮೈನರಿಗೆ ಬದಲಿಸಿ ಬರೆದುಕೊಂಡಿದ್ದಾನೆ. ಪಿಯಾನೋ ವಾದಕ ಎಡ್ವಿನ್ ಫಿಷರ್ ಇದನ್ನು ಎತ್ತಿ ತೋರಿಸಿದ ಮೇಲೆ, ಇದು ಬೆಳದಿಂಗಳಲ್ಲ, ಹೆಣ ಕಾಯುವ ರಾತ್ರಿ ಅನ್ನುವವರು ಬಹಳ ಜನ.

ಹೋಟೆಲ್ ಲಾಬಿಗಳಲ್ಲಿ ಇದನ್ನು ಹಾಕುತ್ತಾರಲ್ಲ, ನನಗೆ ಆಮೇಲೆ ಕಾಫಿ ಇಳಿಯುವುದಿಲ್ಲ.

---

ಗಜ್ಜುಗ · ಸಂಜೆ 6:02

ಮೂಡ್ ಲೆಕ್ಕದ ಒಳಗುಟ್ಟು ಹೇಳುತ್ತೇನೆ. ಎರಡು ಗೀಟು ಎಳೆಯುತ್ತಾರೆ. ಒಂದು ಹಿತವೋ ಅಹಿತವೋ, ಇನ್ನೊಂದು ಚುರುಕೋ ಮಂದವೋ. ಜೇಮ್ಸ್ ರಸೆಲ್ ಎಂಬ ಮನಃಶಾಸ್ತ್ರಜ್ಞ 1980ರಲ್ಲಿ ಭಾವನೆಗಳನ್ನು ಹೀಗೆ ವೃತ್ತದ ಮೇಲೆ ಕೂರಿಸಿದ. ಸ್ಪಾಟಿಫೈ ಕೂಡ ಪ್ರತಿ ಹಾಡಿಗೆ ಹೀಗೇ ಸೊನ್ನೆಯಿಂದ ಒಂದರೊಳಗೆ ಅಂಕಿ ಕೊಡುತ್ತಿತ್ತು. 2024ರ ನವೆಂಬರಿನಲ್ಲಿ ಹೊಸ ಆಪುಗಳಿಗೆ ಆ ಅಂಕಿ ಕೊಡುವುದನ್ನು ನಿಲ್ಲಿಸಿತು.

ಮೆಲ್ಲಗಿದೆ, ಮಂದ್ರದಲ್ಲಿದೆ, ಮೈನರ್ ಇದೆ. ಆದ್ದರಿಂದ ‘ಮಂದ, ಅಹಿತ’. ಅದಕ್ಕೆ ಯಾರೋ ಅಂಟಿಸಿದ ಚೀಟಿ ‘ಶಾಂತ, ದುಃಖ’. ತಮಾಷೆ ಎಂದರೆ ನಮ್ಮ ಆಪ್ ಕೀ ಇ ಮೇಜರ್ ಅಂದಿದೆ, ಮೇಜರ್ ಅಂದರೆ ಸಾಮಾನ್ಯವಾಗಿ ಖುಷಿಯ ಕಡೆ, ಆದರೆ ಮೂಡ್ ದುಃಖ ಅಂದಿದೆ. ಎರಡು ಮೇಜಿನವರು ಮಾತಾಡಿಕೊಂಡ ಹಾಗಿಲ್ಲ.

---

ಹಳೇ_ಕ್ಯಾಸೆಟ್ · ಸಂಜೆ 6:30

ಸಿ ಶಾರ್ಪ್ ಮೈನರಿಗೇ ಒಂದು ಭಾವ ಇದೆ ಅಂತ ಓದಿದ ನೆನಪು. ಶೂಬಾರ್ಟ್ ಎಂಬ ಜರ್ಮನ್ ಕವಿ ಒಂದೊಂದು ಕೀಗೆ ಒಂದೊಂದು ಗುಣ ಬರೆದಿದ್ದಾನೆ. ಇದಕ್ಕೆ ಪಶ್ಚಾತ್ತಾಪದ ಅಳಲು, ದೇವರ ಜೊತೆ ಗುಟ್ಟಿನ ಮಾತು. ಬೇರೆ ಕೀಯಲ್ಲಿ ನುಡಿಸಿದರೆ ಅದು ಹೋಗುತ್ತದೆ, ಅಲ್ಲವೇ?

---

ಕಪ್ಪು_ಎರಡು · ಸಂಜೆ 7:15

ಸರ್, ನೀವೇ ಹದಿನೈದು ವರ್ಷ ಡಿ ಮೈನರಿನಲ್ಲಿ ಕೇಳಿ ಕಣ್ಣೀರು ಹಾಕಿದ್ದೀರಿ. ಆಗ ಪಶ್ಚಾತ್ತಾಪ ಎಲ್ಲಿ ಹೋಗಿತ್ತು?

ನಮ್ಮಲ್ಲಿ ಒಬ್ಬ ಭಾಗವತರು ಕಪ್ಪು ಒಂದರಲ್ಲಿ ಹೇಳುವ ಕರುಣ ರಸದ ಪದ್ಯವನ್ನೇ ಇನ್ನೊಬ್ಬರು ಬಿಳಿ ನಾಲ್ಕರಲ್ಲಿ ಹೇಳುತ್ತಾರೆ. ಕರುಣ ಕಮ್ಮಿ ಆಗುವುದಿಲ್ಲ. ಗಂಟಲಿಗೆ ತಕ್ಕ ಶ್ರುತಿ.

---

ಎಡಗೈ · ಸಂಜೆ 7:50

ಇಲ್ಲಿ ನಾನು ಅರ್ಧ ಹಳೇ ಕ್ಯಾಸೆಟ್ ಸರ್ ಪಕ್ಷ. ಆ ಕಾಲದ ಪಿಯಾನೋಗಳನ್ನು ಈಗಿನ ಹಾಗೆ ಹನ್ನೆರಡು ಸಮ ಪಾಲು ಮಾಡಿ ಶ್ರುತಿ ಮಾಡುತ್ತಿರಲಿಲ್ಲ. ಶಾರ್ಪ್ ಜಾಸ್ತಿ ಇರುವ ಕೀಗಳಲ್ಲಿ ಸ್ವರಗಳ ನಡುವಿನ ಅಂತರ ಸ್ವಲ್ಪ ಬೇರೆಯೇ ಕೇಳಿಸುತ್ತಿತ್ತು. ಇವತ್ತಿನ ಪಿಯಾನೋದಲ್ಲಿ ಆ ವ್ಯತ್ಯಾಸ ಅಳಿಸಿಹೋಗಿದೆ, ಸರಿ. ಆದರೆ ಬೆರಳಿಗೆ ಅಳಿಸಿಲ್ಲ. ಮಕ್ಕಳಿಗೆ ಸುಲಭವಾಗಲಿ ಅಂತ ಎ ಮೈನರಿಗೆ ಇಳಿಸಿದ ಪುಸ್ತಕಗಳಿವೆ. ಬರೀ ಬಿಳಿ ಮನೆಗಳ ಮೇಲೆ ಕೈ ಚಪ್ಪಟೆ ಬೀಳುತ್ತದೆ. ಸಿ ಶಾರ್ಪಿನಲ್ಲಿ ಉದ್ದ ಬೆರಳು ಕಪ್ಪು ಮನೆಯ ಮೇಲೆ ತಾನಾಗಿ ಕೂರುತ್ತದೆ. ದನಿ ಬೇರೆ ಬರುತ್ತದೆ. ನೀವು ನಂಬಿ, ಬಿಡಿ.

ಇನ್ನೊಂದು, ಪಿಟೀಲು ಮೇಡಂಗೆ. ಮೊದಲ ಭಾಗ ಮುಗಿದ ತಕ್ಷಣ ನಿಲ್ಲಿಸಬೇಡಿ. ಬೀಥೋವನ್ ಅಲ್ಲಿ ‘ತಡ ಮಾಡದೆ ಮುಂದಿನದಕ್ಕೆ ಹೋಗಿ’ ಅಂತ ಬರೆದಿದ್ದಾನೆ. ಎರಡನೆಯದು ಡಿ ಫ್ಲಾಟ್ ಮೇಜರ್. ಹೆಸರು ಬೇರೆ, ಮನೆ ಅದೇ ಕಪ್ಪು ಒಂದು. ಸಾ ಅಲ್ಲಾಡುವುದಿಲ್ಲ. ಸಾಧಾರಣ ಗಾಂಧಾರ ಹೋಗಿ ಅದಕ್ಕಿಂತ ಅರ್ಧ ಮನೆ ಮೇಲಿನ ಅಂತರ ಗಾಂಧಾರ ಬರುತ್ತದೆ. ಮುಖ ತೊಳೆದು ಬಂದ ಹಾಗಿರುತ್ತದೆ. ಮೂರನೆಯದು ಮತ್ತೆ ಸಿ ಶಾರ್ಪ್ ಮೈನರ್, ಆದರೆ ಬಿರುಗಾಳಿ. ಕೀ ಅದೇ, ಮೂಡ್ ನೆಲಮುಗಿಲಿನ ಅಂತರ. ಶೂಬಾರ್ಟ್ ಇದಕ್ಕೆ ಏನು ಹೇಳುತ್ತಿದ್ದನೋ.

---

ಪಿಟೀಲು_ಮೈಸೂರು · ಸೋಮವಾರ ರಾತ್ರಿ 8:30

ಇವತ್ತು ಕೂತೆ. ತಂಬೂರಿ ಸಿ ಶಾರ್ಪ್, 40 ಸೆಕೆಂಡಿಗೆ ಆಫ್. ಮೆಟ್ರೊನೋಮ್ ಬೇಡವೇ ಬೇಡ ಅಂತ ತೆಗೆದಿಟ್ಟೆ.

ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. ಮೊದಲ ಪಂಚಮಗಳಲ್ಲಿ ಒಂದು ಉದ್ದ, ಒಂದು ಪುಟ್ಟ ಸ್ವರ ಬರುತ್ತಲ್ಲ. ಆ ಪುಟ್ಟದ್ದನ್ನು ತಕಿಟದ ‘ಟ’ ಜೊತೆ ಹಾಕಿದರೆ ಸಲೀಸು, ಆದರೆ ರೆಕಾರ್ಡಿಂಗಿನಲ್ಲಿ ಹಾಗಿಲ್ಲ. ಸ್ವಲ್ಪ ಆಮೇಲೆ ಬೀಳುತ್ತದೆ. ಎಷ್ಟು ಆಮೇಲೆ?

---

ಎಡಗೈ · ರಾತ್ರಿ 8:47

ಅಬ್ಬಾ, ಕಿವಿ ಅಂದರೆ ಇದು. ನನ್ನ ವಿದ್ಯಾರ್ಥಿಗಳಿಗೆ ಇದನ್ನು ಹೇಳಿ ಹೇಳಿ ಗಂಟಲು ಒಣಗಿದೆ.

ಕೆಳಗೆ ತಿಸ್ರ, ಮೇಲೆ ಚತುರಶ್ರ. ಒಂದು ಏಟನ್ನು ‘ತಕಧಿಮಿ’ ಅಂತ ನಾಲ್ಕು ಮಾಡಿ. ಉದ್ದ ಸ್ವರ ‘ತಕಧಿ’ವರೆಗೆ, ಪುಟ್ಟದ್ದು ‘ಮಿ’ ಮೇಲೆ. ಕೆಳಗೆ ಅದೇ ಏಟಿನಲ್ಲಿ ‘ತಕಿಟ’. ‘ಟ’ ಬರುವುದು ಏಟಿನ ಮೂರರಲ್ಲಿ ಎರಡು ಪಾಲು ಕಳೆದಾಗ, ‘ಮಿ’ ನಾಲ್ಕರಲ್ಲಿ ಮೂರು ಪಾಲು ಕಳೆದಾಗ.

---

ಗಜ್ಜುಗ · ರಾತ್ರಿ 8:59

ನಡುವೆ ಇರುವುದು ಏಟಿನ ಹನ್ನೆರಡನೇ ಒಂದು ಪಾಲು. ನಿಮ್ಮ ರೆಕಾರ್ಡಿಂಗಿನ ವೇಗದಲ್ಲಿ ಸೆಕೆಂಡಿನ ಹತ್ತನೇ ಒಂದಕ್ಕಿಂತ ಒಂದು ಕೂದಲು ಕಮ್ಮಿ.

---

ಕಪ್ಪು_ಎರಡು · ರಾತ್ರಿ 9:04

ಚೆಂಡೆಯವರನ್ನು ಕರೆಸಿ ಅಕ್ಕ, ಒಂದೇ ಏಟಿಗೆ ತೋರಿಸುತ್ತಾರೆ.

---

ಪಿಟೀಲು_ಮೈಸೂರು · ಬುಧವಾರ ರಾತ್ರಿ 9:50

ಚೆಂಡೆ ಸಿಗಲಿಲ್ಲ. ಯಜಮಾನರನ್ನು ಕೂರಿಸಿ ಅವರ ಕೈಯಲ್ಲಿ ಊಟದ ಮೇಜಿನ ಮೇಲೆ ತಕಿಟ ತಟ್ಟಿಸಿದೆ, ನಾನು ಬಾಯಲ್ಲಿ ತಕಧಿಮಿ ಹೇಳಿದೆ. ಮೊದಲ ಅರ್ಧ ಗಂಟೆ ಇಬ್ಬರೂ ಒಬ್ಬರಿಗೊಬ್ಬರು ‘ನೀವು ತಪ್ಪು’ ಅಂದುಕೊಂಡೆವು. ಆಮೇಲೆ ‘ಟ’, ತಕ್ಷಣ ‘ಮಿ’ ಅಂತ ಕಿವಿಗೆ ಬಿತ್ತು. ಈಗ ಪಿಟೀಲಿನಲ್ಲಿ ಮೂರಕ್ಕೆ ಒಂದು ಸಲ ಬರುತ್ತಿದೆ. ಬಂದಾಗ ಆ ಪುಟ್ಟ ಸ್ವರ ಯಾರೋ ಪಕ್ಕದ ಕೋಣೆಯಿಂದ ಕರೆದ ಹಾಗೆ ಕೇಳುತ್ತೆ. ಬರದಿದ್ದಾಗ ಬ್ಯಾಂಡ್ ಸೆಟ್.

ಕೊನೆಯ ಮುಕ್ಕಾಲು ನಿಮಿಷದಲ್ಲಿ ಅದೇ ಪಂಚಮ ಎಡಗೈಗೆ ಇಳಿದುಬಿಡುತ್ತಲ್ಲ, ಅದನ್ನು ಇಷ್ಟು ವರ್ಷ ಕೇಳಿಯೇ ಇರಲಿಲ್ಲ. ಅಲ್ಲಿ ಪಿಟೀಲು ಕೆಳಗಿಟ್ಟು ಸುಮ್ನೆ ಕೂತೆ.

ಮಗ ನಾನು ನುಡಿಸಿದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಆ ಆಪಿಗೆ ಹಾಕಿದ. ಕೀ ಜಿ ಶಾರ್ಪ್ ಮೇಜರ್, ಟೆಂಪೋ 105, ಮೂಡ್ ‘ಖುಷಿ’.

---

ಜಯನಗರ_ಬ್ಲಾಕ್4 · ರಾತ್ರಿ 9:53

ಮೂಡ್ ಸರಿಯಾಗಿ ಹೇಳಿದೆ ಬಿಡಿ ಮೇಡಂ.